ಎರೆಮಣ್ಣಲ್ಲಿ ಅವಿತು ಕೂತ ಲೋಹಗಳು

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯಲು ಒಂದು ಕ್ರಮವಿದೆ. ಹೊಲದ ತುಂಬ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಕಸಕಡ್ಡಿ ಸರಿಸಿ ಅರ್ಧ ಅಡಿ ಆಳದ, ಬಾಯಿ ಅಗಲ ತಳ ಚೂಪಾದ ಗುಂಡಿ ತೋಡಬೇಕು. ಗುಂಡಿಯ ಪಕ್ಕೆಯನ್ನು ಮೇಲಿಂದ ಕೆಳಗಿನವರೆಗೆ ಒಂದು ಪದರ ಕೆರೆದು ಬುಟ್ಟಿಗೆ ಹಾಕಿಕೊಳ್ಳಬೇಕು. ಎಲ್ಲವನ್ನೂ ಗೋಣಿತಾಟಿನ ಮೇಲೆ ಹರವಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಬೆರೆಸಿ ಮತ್ತೆ ಪಾಲು ಮಾಡಬೇಕು. ಅರ್ಧ ಕೆ.ಜಿ. ಉಳಿಯುವ ತನಕ ಇದೇ ಆಟ.

ಹರಿಹರ ತಾಲ್ಲೂಕಿನಲ್ಲಿ, ಭದ್ರಾ ಕಾಲುವೆಯ ಕೊನೆಭಾಗಕ್ಕಿರುವ ನಮ್ಮ ದೊಡ್ಡಪ್ಪನ ಗದ್ದೆಯಲ್ಲಿ ಬೇಸಿಗೆಯ ಒಂದು ಬೆಳಿಗ್ಗೆ ಈ ಕೆಲಸಕ್ಕೆ ನಿಂತಿದ್ದೆವು. ನಾಲ್ಕನೆಯ ಗುಂಡಿಯಲ್ಲಿ ಎರೆಹೆಂಟೆಯ ಜತೆ ಮುರುಕು ಇಯರ್‌ಫೋನೊಂದು ಮೇಲೆ ಬಂತು. ವೈರು ಕಿತ್ತು ಹೋಗಿತ್ತು, ಕಿವಿಗೆ ಇಡುವ ಗುಂಡಿ ಮಾತ್ರ ಉಳಿದಿತ್ತು.

“ತಿಪ್ಪಿ ಗೊಬ್ಬರದಾಗ ಬಂದಿರ್ತೈತಿ ಬಿಡಪಾ. ಮನಿ ಕಸ ಎಲ್ಲಾ ತಿಪ್ಪಿಗೇ ಅಲ್ಲೇನು ಹೋಗಾದು?” ಅಂದರು ದೊಡ್ಡಪ್ಪ.

ಕಲ್ಲಿನಿಂದ ಅದನ್ನು ಒಡೆದೆ. ಒಳಗೆ ತೊಗರಿಬೇಳೆಗಿಂತ ತುಸು ದೊಡ್ಡದಾದ, ಬೆಳ್ಳಿಬಣ್ಣದ ಬಿಲ್ಲೆ. ಕೈಜಾರಿ ಕುಡುಗೋಲಿನ ಹತ್ತಿರ ಹೋದದ್ದೇ ತಡ, ಟಕ್ಕೆಂದು ಅಲಗಿಗೆ ಅಂಟಿಕೊಂಡಿತು. ಅದನ್ನು ಕಾಲುವೆಯ ಅಂಚಿನ ಒಣ ಗೋಡಿನ ಮೇಲೆ ಎಳೆದಾಗ ಕಪ್ಪು ಹುಡಿ ಮೀಸೆಯಂತೆ ನಿಮಿರಿ ನಿಂತಿತು. ಅದು ಮ್ಯಾಗ್ನೆಟೈಟ್, ಮಲೆನಾಡಿನ ಬಂಡೆಗಳಿಂದ ನೀರಿನ ಜತೆ ಹರಿದುಬಂದ ಕಬ್ಬಿಣದ ಅದಿರಿನ ಕಣ. ಅದನ್ನು ಹಿಡಿದೆತ್ತಿದ ಬಿಲ್ಲೆಯಲ್ಲಿದ್ದದ್ದು ಕಬ್ಬಿಣ, ಬೋರಾನ್ ಮತ್ತು ತೂಕದಲ್ಲಿ ಮೂರನೇ ಒಂದು ಪಾಲಿಗೆ ಹತ್ತಿರ ನಿಯೋಡೈಮಿಯಮ್. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಲೋಹಗಳ ರಫ್ತಿಗೆ ಲಗಾಮು ಹಾಕಿದಾಗ ನಮ್ಮ ವಾಹನ ಕಾರ್ಖಾನೆಗಳು ಕಂಗಾಲಾದವಲ್ಲ, ಆ ಏಳೂ ಸೇರಿದ ದೊಡ್ಡ ಬಳಗದ ಲೋಹವೇ ಇದು. ಪತ್ರಿಕೆಗಳು ಇವನ್ನು ‘ಅಪರೂಪದ ಖನಿಜ’, ‘ವಿರಳ ಲೋಹ’ ಎಂದೆಲ್ಲ ಕರೆಯುತ್ತವೆ.

ಎಷ್ಟು ವಿರಳ? ಒಂದು ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಜಗತ್ತಿನ ಮಣ್ಣುಗಳ ಸರಾಸರಿ ತೆಗೆದರೆ ಒಂದು ಕೆ.ಜಿ. ಮಣ್ಣಿನಲ್ಲಿ ಸೀರಿಯಮ್ ಎಂಬ ವಿರಳ ಲೋಹ 50 ಮಿಲಿಗ್ರಾಂ ಆಸುಪಾಸು ಇರುತ್ತದೆ. ಆ ಸರಾಸರಿಯಲ್ಲಿ ಎಕರೆಗೆ 45 ಕೆ.ಜಿ. ಸೀರಿಯಮ್ ಆಯಿತು. ನಿಯೋಡೈಮಿಯಮ್ 20 ಕೆ.ಜಿ. ಮೇಲೆ. ಬಳಗದ ಎಲ್ಲರನ್ನೂ ಕೂಡಿಸಿದರೆ ಕ್ವಿಂಟಲ್ ದಾಟುತ್ತದೆ. ಭೂಮಿಯ ಹೊರಪದರದಲ್ಲಿ ಸೀರಿಯಮ್ ತಾಮ್ರಕ್ಕೆ ಸರಿಸಾಟಿ. ಬಳಗದ ತೀರಾ ಬಡವರಲ್ಲೊಬ್ಬ ಎನಿಸಿಕೊಂಡ ಲುಟೇಷಿಯಮ್ ಕೂಡ ಬೆಳ್ಳಿಗಿಂತ ಹೆಚ್ಚಿದೆ. ಹಾಗಂತ ಯಾರೂ ಗುದ್ದಲಿ ಹಿಡಿದು ಓಡಬೇಕಿಲ್ಲ. ಒಂದೆಡೆ ರಾಶಿಯಾಗದೆ ಎಲ್ಲ ಕಡೆ ಚಿಟಿಕೆ ಚಿಟಿಕೆಯಾಗಿ ಚೆಲ್ಲಿಕೊಂಡಿರುವುದೇ ಇವುಗಳ ಗುಣ. ಒಂದನ್ನು ಇನ್ನೊಂದರಿಂದ ಬಿಡಿಸುವುದಂತೂ ಅವಳಿಗಳ ಮನೆಯಲ್ಲಿ ಯಾರು ಯಾರೆಂದು ಗುರುತಿಸಿದ ಹಾಗೆ.

ಹೆಸರಿನ ಕಥೆಯೂ ಹೀಗೇ ದಾರಿ ತಪ್ಪಿದ್ದು. 1787ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಹತ್ತಿರದ ಇಟ್ಟರ್ಬಿ ಎಂಬ ಹಳ್ಳಿಯ ಕಲ್ಲುಗಣಿಯಲ್ಲಿ ಕಾರ್ಲ್ ಅಕ್ಸೆಲ್ ಅರೇನಿಯಸ್ ಎಂಬ ಸೇನಾಧಿಕಾರಿಗೆ ಒಂದು ಕರಿಕಲ್ಲು ಸಿಕ್ಕಿತು. 1794ರಲ್ಲಿ ಯೋಹಾನ್ ಗಾಡೋಲಿನ್ ಎಂಬ ರಸಾಯನಶಾಸ್ತ್ರಜ್ಞ ಅದರಿಂದ ಹೊಸದೊಂದು ಪುಡಿ ಬೇರ್ಪಡಿಸಿದ. ಬೆಂಕಿಗೆ ಹಾಕಿದರೂ ಕರಗದ, ಲೋಹ ಬಿಟ್ಟುಕೊಡದ ಪುಡಿಯನ್ನು ಆಗಿನ ರಸಾಯನಶಾಸ್ತ್ರಜ್ಞರು ‘ಅರ್ತ್’ ಅನ್ನುತ್ತಿದ್ದರು. ನಮ್ಮ ಹಿಂದಿನ ವಿಜ್ಞಾನ ಲೇಖಕರು ಅದರಿಂದ ಬಂದ ‘ರೇರ್ ಅರ್ತ್’ ಎಂಬ ಹೆಸರನ್ನು ‘ವಿರಳ ಭಸ್ಮ ಧಾತು’ ಎಂದು ಕನ್ನಡಕ್ಕೆ ತಂದರು. ಭಸ್ಮ ಎಂಬ ಮಾತು ಇಂಗ್ಲಿಷಿನ ಪದಕ್ಕಿಂತ ಸರಿಯಾಗಿ ಕೂತಿದೆ ಎಂದೇ ನನ್ನ ಅನಿಸಿಕೆ. ಆ ಒಂದು ಹಳ್ಳಿಯ ಹೆಸರನ್ನೇ ತುಂಡು ಮಾಡಿ ಇಟ್ರಿಯಮ್, ಇಟರ್ಬಿಯಮ್, ಟರ್ಬಿಯಮ್, ಎರ್ಬಿಯಮ್ ಎಂದು ನಾಲ್ಕು ಧಾತುಗಳಿಗೆ ಹಂಚಿದರು. 1839ರಲ್ಲಿ ಸೀರಿಯಮ್ಮಿನ ಬೆನ್ನಿಗೆ ಅವಿತಿದ್ದ ಇನ್ನೊಂದು ಸಿಕ್ಕಾಗ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಮೊಸಾಂಡರ್ ಅದಕ್ಕೆ ಲ್ಯಾಂಥನಮ್ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಅದರ ಅರ್ಥ ‘ಅವಿತು ಕೂರು’. ಬಳಗದಲ್ಲಿ ಒಟ್ಟು 17 ಮಂದಿ. ಪ್ರೊಮಿಥಿಯಮ್ ಎಂಬುದು ವಿಕಿರಣಶೀಲವಾಗಿ ಕರಗಿಹೋಗುವುದರಿಂದ ಮಣ್ಣಿನ ಮಟ್ಟಿಗೆ 16 ಅನ್ನಬಹುದು.

ದಾವಣಗೆರೆಗೆ ಇವು ಹೊಸಬರಲ್ಲ. ಕಂಪನಿ ನಾಟಕಗಳ ಊರು ಇದು. ಕರೆಂಟು ಕೈಕೊಟ್ಟ ರಾತ್ರಿಗಳಲ್ಲಿ ಗ್ಯಾಸ್‌ಲೈಟಿನ ಬಲೆಯಂಥ ಚೀಲ, ಮ್ಯಾಂಟಲ್, ಸುಟ್ಟು ಬೂದಿಯಾಗಿ ಬೆಳ್ಳಗೆ ಉರಿಯುತ್ತಿತ್ತಲ್ಲ, ಆ ಬೂದಿಯಲ್ಲಿ ನೂರಕ್ಕೆ 99 ಪಾಲು ಥೋರಿಯಂ, ಒಂದು ಪಾಲು ಸೀರಿಯಮ್. ಆ ಒಂದು ಪಾಲು ಇಲ್ಲದಿದ್ದರೆ ಬೆಳಕು ಮಂಕು. ಎರಡಕ್ಕೂ ಮೂಲ ಮೊನಜೈಟ್ ಎಂಬ ಮರಳು. ತಿರುವಾಂಕೂರಿನಿಂದ ಜರ್ಮನಿಗೆ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಅದನ್ನು ಗುರುತಿಸಿದ್ದು 1909ರಲ್ಲಿ, ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ. ಬೀಡಿ ಹಚ್ಚುವ ಲೈಟರಿನ ಕಲ್ಲೂ ಬಹುಪಾಲು ಸೀರಿಯಮ್, ಲ್ಯಾಂಥನಮ್ಮಿನ ಮಿಶ್ರಲೋಹವೇ.

ಟಾಕೀಸುಗಳ ಪ್ರೊಜೆಕ್ಟರ್ ಕೋಣೆಗೂ ಇವು ಬಂದಿದ್ದವು. ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಿಡಿ ಹಾರಿಸಿ ಬೆಳಕು ಮಾಡುತ್ತಿದ್ದ ಕಾಲ ಅದು. ಬಿಳಿ ಬೆಳಕಿಗಾಗಿ ಕಡ್ಡಿಯ ತಿರುಳಿನಲ್ಲಿ ಸೀರಿಯಮ್ ಲವಣ ತುಂಬಿರುತ್ತಿತ್ತು. ಉರಿದಾಗ ಏಳುವ ಹೊಗೆ ಆಪರೇಟರನ ಮೂಗಿಗೆ. 1990ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯೊಂದು ತೀರಿಕೊಂಡ ಸಿನಿಮಾ ಆಪರೇಟರೊಬ್ಬರ ಶ್ವಾಸಕೋಶದಲ್ಲಿ ವಿರಳ ಲೋಹ ಶೇಖರವಾಗಿದ್ದನ್ನು ವರದಿ ಮಾಡಿತು. ಅಂಥದೇ ದೀಪದ ಮುಂದೆ ದುಡಿದ ಮುದ್ರಣದ ಬ್ಲಾಕ್ ತಯಾರಕರಲ್ಲೂ ಈ ಶ್ವಾಸಕೋಶದ ಕಾಯಿಲೆ ಕಂಡಿತ್ತು. ವಿರಳ ಲೋಹ ಮನುಷ್ಯನಿಗೆ ಹಾನಿ ಮಾಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಮೊದಲು ತೋರಿಸಬೇಕಾದ್ದು ಇದನ್ನೇ: ಧೂಳಾಗಿ, ಹೊಗೆಯಾಗಿ, ವರ್ಷಗಟ್ಟಲೆ ಉಸಿರಿನ ದಾರಿಯಲ್ಲಿ ಹೋದರೆ ಮಾಡುತ್ತದೆ.

ಮಣ್ಣಿನ ದಾರಿ ಬೇರೆ.

ಈ ಸೀಮೆಯ ಅಡಿಗಲ್ಲು 250 ಕೋಟಿ ವರ್ಷಕ್ಕೂ ಹಳೆಯದಾದ ಗ್ನೈಸ್ ಮತ್ತು ಷಿಸ್ಟ್. ಇಂಥ ಗ್ನೈಸ್, ಗ್ರಾನೈಟ್ ಕಲ್ಲುಗಳಲ್ಲಿ ವಿರಳ ಲೋಹಗಳು ಮೊನಜೈಟ್, ಅಲನೈಟ್, ಅಪಟೈಟ್ ಎಂಬ ಸಣ್ಣ ಹರಳುಗಳ ಒಳಗೆ ಕೂತಿರುತ್ತವೆ. ಕಲ್ಲು ಕರಗಿ ಮಣ್ಣಾಗುವಾಗ ಅಪಟೈಟ್ ಬೇಗ ಸೋಲುತ್ತದೆ, ಮೊನಜೈಟ್ ಮಾತ್ರ ಜಪ್ಪಯ್ಯ ಅಂದರೂ ಕರಗದೆ ಮರಳಾಗಿ ಉಳಿಯುತ್ತದೆ. ಕರಗಿ ಹೊರಬಿದ್ದ ಲೋಹವಾದರೂ ಸುಮ್ಮನೆ ಓಡಾಡುವುದಿಲ್ಲ. ಜೇಡಿಯ ಪದರಗಳು, ಕಬ್ಬಿಣ–ಮ್ಯಾಂಗನೀಸಿನ ತುಕ್ಕು, ಕೊಳೆತ ಸಾವಯವ, ಫಾಸ್ಫೇಟು ಇವೆಲ್ಲ ಅದನ್ನು ಹಿಡಿದು ಕೂರಿಸುತ್ತವೆ.

ಹಿಡಿತ ಎಷ್ಟು ಬಿಗಿ ಎಂಬುದನ್ನು ನಿರ್ಧರಿಸುವುದು ಹುಳಿ, ಅಂದರೆ ಪಿಎಚ್. ಮಲೆನಾಡಿನ ಮಳೆ ತೊಳೆದ ಕೆಂಪುಮಣ್ಣು ಹುಳಿ. ಅಲ್ಲಿ ಬೀಗ ಸಡಿಲ. ಹರಿಹರ, ದಾವಣಗೆರೆ ಕಡೆಯ ಎರೆಭೂಮಿ ಸುಣ್ಣದ ಹರಳು ತುಂಬಿದ ಕ್ಷಾರದ ಮಣ್ಣು. ಜೇಡಿಯೋ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ, ಮಳೆಗೆ ಉಬ್ಬಿ ಹಸುವಿನ ಗೊರಸನ್ನೂ ಬಿಡದ ಜಾತಿಯದು. ಇಂಥ ಮಣ್ಣಿನಲ್ಲಿ ಕ್ವಿಂಟಲ್‌ಗಟ್ಟಲೆ ಇದ್ದರೂ ಬೇರಿಗೆ ಸಿಗುವುದು ಕಣದಷ್ಟು. ಇದೇ ಬಿಗಿಮುಷ್ಟಿಯಿಂದಾಗಿಯೇ ಇಲ್ಲಿ ಸತುವೂ ಸಿಗದೆ ಭತ್ತದ ಎಲೆ ಕಂದುಬಣ್ಣಕ್ಕೆ ತಿರುಗುವುದು, ನಾಟಿಗೆ ಮುಂಚೆ ರೈತರು ‘ಜಿಂಕ್ ಹಾಕೋದು’. ಸತುವಿನ ವಿಷಯದಲ್ಲಿ ಶಾಪವಾದ ಗುಣ ವಿರಳ ಲೋಹದ ವಿಷಯದಲ್ಲಿ ಕಾವಲು.

ಬೇರಿನವರೆಗೆ ಬಂದ ಅಷ್ಟಿಷ್ಟು ಏನು ಮಾಡುತ್ತದೆ? ಸಸ್ಯಕ್ಕೆ ಬೇಕೇಬೇಕಾದ ಪೋಷಕಾಂಶಗಳೂ 17, ವಿರಳ ಲೋಹಗಳೂ 17. ಎರಡು ಪಟ್ಟಿಗೂ ಸೇರಿದ ಹೆಸರು ಒಂದೂ ಇಲ್ಲ. ಆದರೂ ಲ್ಯಾಂಥನಮ್ಮಿನ ಅಯಾನು ಗಾತ್ರದಲ್ಲಿ ಹೆಚ್ಚುಕಡಿಮೆ ಕ್ಯಾಲ್ಸಿಯಂನಷ್ಟೇ, ವಿದ್ಯುದಾವೇಶದಲ್ಲಿ ಮಾತ್ರ ಒಂದು ಹೆಚ್ಚು. ಜೀವಕೋಶದ ಪೊರೆಯಲ್ಲಿ ಕ್ಯಾಲ್ಸಿಯಂ ನುಗ್ಗಲು ಇರುವ ಕಿಂಡಿಗೆ ಇದು ಬಂದು ಅಡ್ಡಗಟ್ಟಿ ನಿಲ್ಲುತ್ತದೆ, ಒಳಗೂ ಹೋಗುವುದಿಲ್ಲ, ದಾರಿಯೂ ಬಿಡುವುದಿಲ್ಲ. ದನದ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆ ನೆನಪಾದರೆ ಸಾಕು. ಪ್ರಯೋಗಾಲಯಗಳಲ್ಲಿ ಕ್ಯಾಲ್ಸಿಯಂ ಕಿಂಡಿ ಮುಚ್ಚಬೇಕಾದಾಗ ಲ್ಯಾಂಥನಮ್ ಹಾಕುವುದು ಹಳೆಯ ರೂಢಿ. ಹೀಗಾಗಿ ಪ್ರಮಾಣ ಹೆಚ್ಚಿದರೆ ಬೇರು ಮೊಟಕಾಗುತ್ತದೆ. ತೀರಾ ಕಡಿಮೆ ಇದ್ದಾಗ ಕೆಲವು ಬೆಳೆಗಳು ಚಿಗುರಿಕೊಂಡದ್ದೂ ಉಂಟು.

ಈ ಚಿಗುರನ್ನೇ ನಂಬಿ ಚೀನಾ 1970ರ ದಶಕದಿಂದ ವಿರಳ ಲೋಹದ ಗೊಬ್ಬರ ತಯಾರಿಸಿತು. ಗಣಿಯಲ್ಲಿ ಉಳಿದುಹೋಗುತ್ತಿದ್ದ ಲ್ಯಾಂಥನಮ್, ಸೀರಿಯಮ್ಮನ್ನು ಉಪ್ಪಾಗಿಸಿ ಬೀಜೋಪಚಾರಕ್ಕೆ, ಎಲೆಗಳ ಮೇಲೆ ಸಿಂಪಡಿಸಲು ಕೊಟ್ಟರು. ಅಲ್ಲಿಯ ವರದಿಗಳು ಇಳುವರಿ ಏರಿತೆಂದವು. ಬೇರೆ ದೇಶಗಳ ಪ್ರಯೋಗಗಳಲ್ಲಿ ಫಲ ಒಂದೇ ತೆರನಾಗಿ ಬರಲಿಲ್ಲ. ನಾಳೆ ನಮ್ಮ ಗೊಬ್ಬರದಂಗಡಿಯ ಗಲ್ಲೆಯ ಪಕ್ಕ ‘ರೇರ್ ಅರ್ತ್’ ಎಂದು ಬರೆದ ಮಿರಿಮಿರಿ ಬಾಟಲಿ ಬಂದು ಕೂತರೆ ಆಶ್ಚರ್ಯಪಡಬೇಕಿಲ್ಲ. ನನ್ನ ಮಾತು ಕೇಳುವುದಾದರೆ ಆ ದುಡ್ಡಿಗೆ ಸತುವಿನ ಸಲ್ಫೇಟು ಕೊಳ್ಳಿ.

ಎಲ್ಲ ಗಿಡಗಳೂ ಬೇರಿನಲ್ಲೇ ತಡೆಯುವುದಿಲ್ಲ. ಆಗುಂಬೆ, ತೀರ್ಥಹಳ್ಳಿ ಕಡೆ ರಸ್ತೆಗೆಂದು ಗುಡ್ಡ ಕಡಿದ ಕೆಂಪುಗೋಡೆಯ ಮೇಲೆ ಕವಲು ಕವಲಾಗಿ ಒಡೆದು ಹಬ್ಬುವ ಒಂದು ಜರೀಗಿಡವಿದೆ, ಡೈಕ್ರನಾಪ್ಟೆರಿಸ್ ಎಂದು ಅದರ ಕುಲದ ಹೆಸರು. ಇದೇ ಕುಲದ ಗಿಡ ಚೀನಾದ ಜಿಯಾಂಗ್ಷಿ ಪ್ರಾಂತದ ಗಣಿಗುಡ್ಡಗಳಲ್ಲಿ ತನ್ನ ಒಣಎಲೆಯ ಒಂದು ಕೆ.ಜಿ.ಯಲ್ಲಿ ಎರಡು ಮೂರು ಗ್ರಾಂ ವಿರಳ ಲೋಹ ತುಂಬಿಕೊಳ್ಳುತ್ತದೆ, ಬಾಡುವುದೂ ಇಲ್ಲ. ಭತ್ತ, ಮೆಕ್ಕೆಜೋಳಗಳಿಗೆ ಆ ಚಾಳಿ ಇಲ್ಲ. ಬೇರಿನಲ್ಲಿದ್ದಷ್ಟು ಎಲೆಗಿಲ್ಲ, ಎಲೆಗೆ ಬಂದಷ್ಟು ಕಾಳಿಗಿಲ್ಲ.

ಇಷ್ಟೇ ಆಗಿದ್ದರೆ ವಿರಳ ಲೋಹವೆಂದರೆ ಜೀವಕ್ಕೆ ಬೇಡದ ನೆಂಟ ಎಂದು ಕೈಬಿಡಬಹುದಿತ್ತು. ಹತ್ತು ಹದಿನೈದು ವರ್ಷದ ಹಿಂದಿನವರೆಗೆ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು. ಆ ನಂಬಿಕೆ ಬಿದ್ದುಹೋದ ಕಥೆ ಸ್ವಾರಸ್ಯದ್ದು.

ಇಟಲಿಯ ನೇಪಲ್ಸ್ ಹತ್ತಿರ ಸೊಲ್ಫತಾರ ಎಂಬ ಜ್ವಾಲಾಮುಖಿ ಇದೆ. ಅಲ್ಲಿ ಕೊತಕೊತ ಕುದಿಯುವ ಹುಳಿಕೆಸರಿನಿಂದ ಮೀಥೇನ್ ತಿನ್ನುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಏನು ಉಣಿಸಿದರೂ ಅದು ಬೆಳೆಯಲೊಲ್ಲದು, ತವರಿನ ಕೆಸರುನೀರು ತುಸು ಬೆರೆಸಿದರೆ ಮಾತ್ರ ಚೇತರಿಸಿಕೊಳ್ಳುತ್ತಿತ್ತು. ಆ ನೀರಿನಲ್ಲಿ ಏನಿದೆ ಎಂದು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಲ್ಯಾಂಥನಮ್, ಸೀರಿಯಮ್, ನಿಯೋಡೈಮಿಯಮ್. ಅದರ ಒಂದು ಮುಖ್ಯ ಕಿಣ್ವದ ನಡುಮಧ್ಯೆ, ಕ್ಯಾಲ್ಸಿಯಂ ಕೂರಬೇಕಾದ ಪೀಠದಲ್ಲಿ ವಿರಳ ಲೋಹ ಕೂತಿತ್ತು. ಅದಿಲ್ಲದೆ ಆ ಜೀವಿಗೆ ಉಸಿರೇ ಇಲ್ಲ. 2014ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮುಂಚೆ, 2011ರ ಹೊತ್ತಿಗೇ, ಜಪಾನಿನ ವಿಜ್ಞಾನಿಗಳು ಸಾಮಾನ್ಯ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲೂ ಇಂಥ ಕಿಣ್ವದ ಸುಳಿವು ಹಿಡಿದಿದ್ದರು. ಈಗ ನೋಡಿದರೆ ಈ ಕಿಣ್ವದ ವಂಶವಾಹಿ ಎಲ್ಲೆಲ್ಲೂ ಇದೆ, ಕಡಲಲ್ಲಿ, ಎಲೆಗಳ ಮೇಲೆ, ಭತ್ತದ ಬೇರಿನ ಸುತ್ತ.

ಭತ್ತದ ಬೇರಿನ ಸುತ್ತ ಎಂದಾಗ ನಾನು ಓದುವುದನ್ನು ನಿಲ್ಲಿಸಿ ದೊಡ್ಡಪ್ಪನ ಗದ್ದೆ ನೆನೆದೆ. ನೀರು ನಿಂತ ಮಡಿಯಲ್ಲಿ ಕಾಲಿಟ್ಟರೆ ಹೆಜ್ಜೆಯ ಸುತ್ತ ಬುಳುಬುಳು ಗುಳ್ಳೆ ಏಳುತ್ತದೆಯಲ್ಲ, ಅದು ಬಹುಪಾಲು ಮೀಥೇನ್. ಗಾಳಿಯಿಲ್ಲದ ಕೆಸರಿನಲ್ಲಿ ಕೊಳೆಯುವ ಕೂಳೆ, ಗೊಬ್ಬರದಿಂದ ಸೂಕ್ಷ್ಮಜೀವಿಗಳು ಅದನ್ನು ಹುಟ್ಟಿಸುತ್ತವೆ. ಭೂಮಿಯ ಕಾವು ಏರಿಸುವುದರಲ್ಲಿ ಅದು ಇಂಗಾಲದ ಡೈ ಆಕ್ಸೈಡಿಗಿಂತ ಬಲು ಜೋರು. ಭತ್ತದ ಗಿಡ ತನ್ನ ಕಾಂಡದೊಳಗಿನ ಪೊಳ್ಳಿನಿಂದ ಬೇರಿಗೆ ಗಾಳಿ ಇಳಿಸುತ್ತದೆ. ಆ ಬೇರಿನ ಸುತ್ತಲಿನ ಕೂದಲೆಳೆಯಷ್ಟು ಜಾಗದಲ್ಲಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳು ಬೀಡುಬಿಟ್ಟು, ಹುಟ್ಟಿದ್ದರಲ್ಲಿ ಒಂದು ಪಾಲನ್ನು ಮೇಲೇಳುವ ಮುಂಚೆಯೇ ಮುಗಿಸುತ್ತವೆ. ಅವುಗಳ ಕೈಯಲ್ಲಿರುವ ಹತಾರದ ತುದಿಗೆ ಲ್ಯಾಂಥನಮ್, ಸೀರಿಯಮ್. ಕುಡುಗೋಲಿಗೆ ಅಂಟಿದ ಬಿಲ್ಲೆಯ ಬಳಗದವರು ಅದೇ ಕೆಸರಿನಲ್ಲಿ, ಯಾವ ಕಾರ್ಖಾನೆಯ ಹಂಗೂ ಇಲ್ಲದೆ, ದುಡಿಯುತ್ತಿದ್ದಾರೆ. ಬೀಗ ಹಾಕಿದ ಮಣ್ಣಿನಿಂದ ಲೋಹ ಬಿಡಿಸಿಕೊಳ್ಳಲು ಈ ಜೀವಿಗಳಿಗೆ ತಮ್ಮದೇ ಕೀಲಿಗಳಿವೆ. ಈ ಲೋಹ ಬಳಸುವ ಬ್ಯಾಕ್ಟೀರಿಯಾವೊಂದರ ಪ್ರೋಟೀನನ್ನು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜೋಸೆಫ್ ಕೊಟ್ರುವೊ ತಂಡ 2018ರಲ್ಲಿ ಬಿಡಿಸಿ ತೋರಿಸಿತು. ಲ್ಯಾನ್‌ಮೊಡ್ಯುಲಿನ್ ಎಂದು ಅದರ ಹೆಸರು. ಕ್ಯಾಲ್ಸಿಯಂ ಎಷ್ಟೇ ಸುತ್ತುವರಿದಿದ್ದರೂ ಅದನ್ನು ಬಿಟ್ಟು ವಿರಳ ಲೋಹವನ್ನೇ ಆರಿಸಿ ಹಿಡಿಯುತ್ತದೆ. ಹಳೆಯ ಎಲೆಕ್ಟ್ರಾನಿಕ್ ಕಸದಿಂದ ಈ ಲೋಹಗಳನ್ನು ಹೆಕ್ಕಲು ಅದನ್ನು ಪಳಗಿಸುವ ಕೆಲಸ ನಡೆದಿದೆ.

ಇನ್ನು ಹೊರಗಿನಿಂದ ಮಣ್ಣಿಗೆ ಬರುವ ಲೆಕ್ಕ. ಮೊರಾಕ್ಕೊ, ಜೋರ್ಡಾನ್, ಈಜಿಪ್ಟ್‌ಗಳಿಂದ ತರಿಸುವ ಶಿಲಾರಂಜಕದಲ್ಲಿ ವಿರಳ ಲೋಹ ಕೆ.ಜಿ.ಗೆ ಕೆಲವು ನೂರು ಮಿಲಿಗ್ರಾಂ ಇರುವುದು ಸಾಮಾನ್ಯ. ಅದಕ್ಕೆ ಗಂಧಕಾಮ್ಲ ಸುರಿದು ಮಾಡುವ ಸೂಪರ್ ಫಾಸ್ಫೇಟಿನಲ್ಲಿ ಏನನ್ನೂ ಬೇರ್ಪಡಿಸುವುದಿಲ್ಲ, ಇದ್ದದ್ದೆಲ್ಲ ಚೀಲಕ್ಕೆ. ಡಿಎಪಿ ಹಾಗಲ್ಲ. ಅದರ ಆಮ್ಲ ತಯಾರಿಸುವಾಗ ಬಹುಪಾಲು ವಿರಳ ಲೋಹ ಜಿಪ್ಸಮ್ಮಿನ ಜತೆ ಕಾರ್ಖಾನೆಯ ತಿಪ್ಪೆಗೇ ಹೋಗಿಬಿಡುತ್ತದೆ. 50 ಕೆ.ಜಿ.ಯ ಸೂಪರ್ ಚೀಲ ಹತ್ತಿಪ್ಪತ್ತು ಗ್ರಾಂ ತಂದಿತೆಂದಿಟ್ಟುಕೊಂಡರೂ ಎಕರೆಯಲ್ಲಿ ಈಗಾಗಲೇ ಇರುವ ಕ್ವಿಂಟಲಿಗೆ ಸಾವಿರಾರು ವರ್ಷ ಸುರಿದರೆ ಸಮ. ಫಾಸ್ಫೇಟ್ ಚೀಲದಲ್ಲಿ ಹೆದರಬೇಕಾದ ಸಹಪ್ರಯಾಣಿಕ ಬೇರೆ ಇದ್ದಾನೆ, ಅವನ ಹೆಸರು ಕ್ಯಾಡ್ಮಿಯಂ.

ಊಟದ ಮೂಲಕ ಇವು ಹೃದಯಕ್ಕೆ ಇಳಿಯಬಹುದೇ ಎಂಬ ಶಂಕೆ ಒಮ್ಮೆ ಗಟ್ಟಿಯಾಗಿ ಎದ್ದದ್ದು ಕೇರಳದಲ್ಲಿ. ಅಲ್ಲಿಯ ಬಡ ಹುಡುಗ ಹುಡುಗಿಯರಲ್ಲಿ ಹೃದಯದ ಒಳಗೋಡೆ ದಪ್ಪಗಾಗಿ ಬಿಗಿದುಕೊಳ್ಳುವ ಒಂದು ಕಾಯಿಲೆ ಕಾಣುತ್ತಿತ್ತು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್, ಡಾ. ಸಿ.ಸಿ. ಕರ್ತಾ ಮತ್ತವರ ಸಂಗಡಿಗರು ಅಂಥ ಹೃದಯಗಳಲ್ಲಿ ಸೀರಿಯಮ್ ಹೆಚ್ಚಿದ್ದನ್ನೂ ಮೆಗ್ನೀಸಿಯಂ ಕಡಿಮೆ ಇದ್ದದ್ದನ್ನೂ ಕಂಡರು. ಮೊನಜೈಟ್ ಮರಳಿನ ಸೀಮೆ, ಅಲ್ಲಿ ಬೆಳೆದ ಮರಗೆಣಸೇ ಊಟ, ಪೌಷ್ಟಿಕತೆ ಇಲ್ಲದ ಮೈ. ಈ ಮೂರನ್ನೂ ಹೆಣೆದು ಅವರೊಂದು ಸಿದ್ಧಾಂತ ಮುಂದಿಟ್ಟರು, ಇಲಿಗಳ ಮೇಲೂ ಪ್ರಯೋಗ ಮಾಡಿದರು. ಆದರೆ ಉಗಾಂಡದಲ್ಲೂ ಇದ್ದ ಈ ಕಾಯಿಲೆಗೆ ಪರಾವಲಂಬಿ ಹುಳು, ರಕ್ತದ ಒಂದು ಬಗೆಯ ಬಿಳಿಕಣದ ಏರಿಕೆ ಹೀಗೆ ಬೇರೆ ಕಾರಣಗಳನ್ನೂ ಹೇಳುವವರಿದ್ದರು. ಸೀರಿಯಮ್ಮೇ ಅಪರಾಧಿ ಎಂದು ಸಾಬೀತಾಗಲಿಲ್ಲ. ಊಟ ಸುಧಾರಿಸಿ, ಆರೋಗ್ಯ ಸೇವೆ ಹಬ್ಬಿದಂತೆ ಕಾಯಿಲೆಯೇ ಕಡಿಮೆಯಾಯಿತು, ಮರಳು ಮಾತ್ರ ಅಲ್ಲೇ ಇದೆ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು, 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ಹೊಟ್ಟೆಗೆ ಹೋದ ವಿರಳ ಲೋಹ ಕರುಳನ್ನು ದಾಟುವುದು ತೀರಾ ಕಡಿಮೆ. ಇದಕ್ಕೆ ಸಾಕ್ಷಿ ಔಷಧಿ ಅಂಗಡಿಯಲ್ಲೇ ಇದೆ. ಮೂತ್ರಪಿಂಡ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಊಟದ ಫಾಸ್ಫೇಟನ್ನು ಕರುಳಿನಲ್ಲೇ ಕಟ್ಟಿಹಾಕಲು ಲ್ಯಾಂಥನಮ್ ಕಾರ್ಬೊನೇಟ್ ಮಾತ್ರೆ ಕೊಡುತ್ತಾರೆ. ಎರೆಮಣ್ಣಿನಲ್ಲಿ ಫಾಸ್ಫೇಟಿನ ಜತೆ ಮಾಡಿಕೊಳ್ಳುವ ಗಂಟನ್ನೇ ಅದು ಹೊಟ್ಟೆಯಲ್ಲೂ ಹಾಕಿಕೊಂಡು ಮಲದಲ್ಲಿ ಹೊರಟುಹೋಗುತ್ತದೆ.

ನೇರ ರಕ್ತಕ್ಕೆ ಹೋಗುವುದು ಇನ್ನೊಬ್ಬ, ಗ್ಯಾಡೋಲಿನಿಯಮ್. ಇಟ್ಟರ್ಬಿಯ ಕರಿಕಲ್ಲು ಪರೀಕ್ಷಿಸಿದ ಗಾಡೋಲಿನ್‌ನ ಹೆಸರಿನದು. ಹಾವೇರಿ, ಚಿತ್ರದುರ್ಗ, ಬಳ್ಳಾರಿ ಕಡೆಯವರಿಗೆಲ್ಲ ದಾವಣಗೆರೆ ದೊಡ್ಡಾಸ್ಪತ್ರೆಗಳ ಊರು. ಎಂಆರ್‌ಐ ಕೋಣೆಯ ಹೊರಗೆ ಕೂತವರ ಕೈಗೆ ಚೀಟಿ ಬರುತ್ತದೆ: ‘ಕಾಂಟ್ರಾಸ್ಟ್ ಕೊಡಬೇಕು, ಕ್ರಿಯಾಟಿನಿನ್ ಮಾಡಿಸಿ’. ಆ ಕಾಂಟ್ರಾಸ್ಟ್ ಸೂಜಿಮದ್ದಿನಲ್ಲಿ 60 ಕೆ.ಜಿ. ತೂಕದವರಿಗೆ ಹತ್ತಿರ ಹತ್ತಿರ ಒಂದು ಗ್ರಾಂ ಗ್ಯಾಡೋಲಿನಿಯಮ್ ಇರುತ್ತದೆ. ಬಿಡಿಯಾಗಿ ಅದು ವಿಷ, ಹಾಗಾಗಿ ಸಾವಯವ ಅಣುವಿನ ಪಂಜರದಲ್ಲಿ ಕೂಡಿಹಾಕಿರುತ್ತಾರೆ. ಮೂತ್ರಪಿಂಡ ಚೆನ್ನಾಗಿದ್ದರೆ ಒಂದು ದಿನದಲ್ಲಿ ಹೆಚ್ಚೂಕಮ್ಮಿ ಎಲ್ಲವೂ ಉಚ್ಚೆಯಲ್ಲಿ ಹೊರಗೆ. ಕೆಟ್ಟಿದ್ದರೆ ಮೈಯಲ್ಲೇ ಉಳಿದು, ಪಂಜರ ಸಡಿಲಾಗಿ, ಚರ್ಮ ಮರಗಟ್ಟುವ ಭೀಕರ ಕಾಯಿಲೆ ತರಬಹುದೆಂದು 2006ರಲ್ಲಿ ಗೊತ್ತಾಯಿತು. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆಯ ಚೀಟಿ ಅದಕ್ಕಾಗಿಯೇ. ಯುರೋಪಿನ ಔಷಧ ಪ್ರಾಧಿಕಾರ 2017ರಲ್ಲಿ ಸಡಿಲ ಪಂಜರದ ಹಲವು ಮದ್ದುಗಳಿಗೆ ಕಡಿವಾಣ ಹಾಕಿತು. ಗಟ್ಟಿ ಪಂಜರದವು ಬಂದ ಮೇಲೆ ಆ ಕಾಯಿಲೆ ಬಹಳ ಅಪರೂಪವಾಗಿದೆ.

ರೋಗಿ ಬಚಾವಾದ, ಸರಿ. ಆ ಒಂದು ಗ್ರಾಂ ಎಲ್ಲಿಗೆ ಹೋಯಿತು? ಚರಂಡಿಗೆ. ಪಂಜರ ಗಟ್ಟಿಯಾದಷ್ಟೂ ಕೊಳಚೆ ಶುದ್ಧೀಕರಣ ಘಟಕದ ಕೆಸರಿಗೆ ಅದು ಅಂಟುವುದಿಲ್ಲ, ನೀರಿನ ಜತೆ ಪಾರಾಗುತ್ತದೆ. 1996ರಲ್ಲಿ ಬೌ ಮತ್ತು ಡುಲ್‌ಸ್ಕಿ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು ರೈನ್ ಮತ್ತು ಬರ್ಲಿನ್ ಸುತ್ತಲಿನ ಹೊಳೆಗಳಲ್ಲಿ ಉಳಿದ ಬಳಗಕ್ಕೆ ಹೋಲಿಸಿದರೆ ಗ್ಯಾಡೋಲಿನಿಯಮ್ ಒಂದೇ ಎದ್ದು ನಿಂತದ್ದನ್ನು ತೋರಿಸಿದರು. ಆಮೇಲೆ ಜರ್ಮನಿಯ ನಗರಗಳ ನಲ್ಲಿನೀರಿನಲ್ಲಿ, ಆ ನೀರು ಬೆರೆಸಿ ಮಾರುವ ಕೋಲಾದಲ್ಲೂ ಸಿಕ್ಕಿತು. ಸಿಕ್ಕ ಪ್ರಮಾಣ ಅತ್ಯಲ್ಪ, ಕುಡಿದವರಿಗೆ ಏನೂ ಆಗಿಲ್ಲ. ಆದರೆ ಎಲ್ಲಿ ಅದಿದೆಯೋ ಅಲ್ಲಿಗೆ ಮೇಲಿನೂರಿನ ಉಚ್ಚೆನೀರು ಬಂದು ಸೇರಿದೆ ಎಂಬುದಕ್ಕೆ ಅದಕ್ಕಿಂತ ಖಚಿತ ಸಾಕ್ಷಿ ಬೇರಿಲ್ಲ.

ದಾವಣಗೆರೆಯವರು ಕುಡಿಯುವುದು ಭದ್ರಾ ಕಾಲುವೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳ ನೀರು, ಜತೆಗೆ ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯ ನೀರು. ಆ ಹೊಳೆಯ ಮೇಲ್ಗಡೆ ಶಿವಮೊಗ್ಗ, ಭದ್ರಾವತಿಗಳಿವೆ, ಆಸ್ಪತ್ರೆಗಳಿವೆ. ಹರಿಹರದವರಿಗೆ ಹೊಳೆಯ ಬಣ್ಣ, ವಾಸನೆ, ಸತ್ತ ಮೀನು ನೋಡಿ ನೀರಿನ ಗುಣ ಹೇಳುವ ವಿದ್ಯೆ ಹಳೆಯದು. 1980ರ ದಶಕದಲ್ಲಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಎದ್ದ ಹೋರಾಟಕ್ಕೆ ಆ ಕಣ್ಣುಮೂಗುಗಳೇ ಮೊದಲ ಪ್ರಯೋಗಾಲಯ. ಗ್ಯಾಡೋಲಿನಿಯಮ್ಮಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮೀನೂ ಸಾಯುವುದಿಲ್ಲ. ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾಲಯದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ವಿಷಯ ಬೇಕೆ? ತುಂಗೆ, ಭದ್ರೆ ಸೇರುವ ಕೂಡಲಿಯಲ್ಲಿ ಒಂದು ಬಾಟಲಿ, ಹರಿಹರದ ಸೇತುವೆಯ ಕೆಳಗೆ ಒಂದು, ರಾಜನಹಳ್ಳಿಯಲ್ಲಿ ಒಂದು.

ವಿರಳ ಲೋಹದ ನಿಜವಾದ ಪೆಟ್ಟು ಬಿದ್ದಿರುವುದು ಅದನ್ನು ಕೀಳುವ ಕಡೆ. ಜಿಯಾಂಗ್ಷಿಯ ಗುಡ್ಡಗಳಿಗೆ ಅಮೋನಿಯಂ ಸಲ್ಫೇಟ್ ಇಳಿಸಿ ಜೇಡಿಯ ಹಿಡಿತ ಬಿಡಿಸಿದರು, ಕೆಳಗಿನ ತೊರೆ, ಗದ್ದೆಗಳು ಹುಳಿಯಾದವು. ಒಳಮಂಗೋಲಿಯಾದ ಬಾವೊಟೌ ಊರಿನ ಹೊರಗೆ ಕರಿಕೆಸರಿನ ಸರೋವರವೇ ನಿಂತಿದೆ. ಮಲೇಷ್ಯಾದ ಬುಕಿತ್ ಮೆರಾ ಎಂಬಲ್ಲಿ 1982ರಲ್ಲಿ ಶುರುವಾದ ಕಾರ್ಖಾನೆ ಥೋರಿಯಂ ಕಸದ ವಿರುದ್ಧದ ಜನರ ಹೋರಾಟದ ನಡುವೆ 1994ರ ಹೊತ್ತಿಗೆ ಮುಚ್ಚಿತು. ಬೀಗ ಒಡೆಯಲು ಸುರಿದ ಆಮ್ಲ, ಒಡೆದಾಗ ಜತೆಗೆ ಹೊರಬಿದ್ದ ಥೋರಿಯಂ, ಸೀಸ ಇವೇ ಅಲ್ಲಿ ಹೆಚ್ಚು ಕಾಟ ಕೊಟ್ಟದ್ದು. ಕುದುರೆಮುಖದ ಗಣಿ 2005ರ ಡಿಸೆಂಬರ್ 31ಕ್ಕೆ ನಿಲ್ಲುವ ತನಕ ಭದ್ರೆ ಹೊತ್ತ ಹೂಳನ್ನು ನೋಡಿದವರಿಗೆ ಗಣಿ ಮೇಲಿದ್ದರೆ ಕೆಳಗಿನ ಹೊಳೆಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಈಗ ನಮ್ಮಲ್ಲೂ ಅವಸರ ಶುರುವಾಗಿದೆ. 2025ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಅಯಸ್ಕಾಂತ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅಯಸ್ಕಾಂತ ಬೇಕು, ಸರಿ. ಗುಡ್ಡ ಅಗೆಯುವುದಕ್ಕೆ ಮುಂಚೆ ಮನೆಮನೆಯ ಡಬ್ಬಿಗಳಲ್ಲಿರುವುದನ್ನು ಹೆಕ್ಕಬಾರದೇಕೆ ಎಂದು ಕೇಳುವುದು ತಪ್ಪೇನಲ್ಲ.

ಮಣ್ಣಿನ ಚೀಟಿ ಬಂತು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಒಟ್ಟು 12 ಸಾಲು. 2015ರಲ್ಲಿ ಕೇಂದ್ರದ ಮಣ್ಣು ಆರೋಗ್ಯ ಚೀಟಿ ಯೋಜನೆ ಬಂದಾಗ ಇದ್ದವೂ ಇವೇ ಹನ್ನೆರಡು. ದೊಡ್ಡಪ್ಪನ ಎರೆಯ ಪಿಎಚ್ 8ರ ಮೇಲಿದೆ, ಸತುವಿನ ಮುಂದೆ ‘ಕೊರತೆ’ ಎಂದಿದೆ. ಹದಿಮೂರನೆಯ ಸಾಲಿಗೆ ವಿರಳ ಲೋಹ ಸೇರಿಸಿ ಎಂದು ನಾನು ಹೇಳಲಾರೆ, ರೈತನಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಪಿಎಚ್ ಸಾಲನ್ನು ಮಾತ್ರ ಕಣ್ಣಿಟ್ಟು ಓದಿ. ಬೀಗ ಬಿಗಿಯೋ ಸಡಿಲೋ ಎಂದು ಹೇಳುವುದು ಅದೊಂದೇ.

“ಹಂಗಾದ್ರ ಆ ಬಿಲ್ಲಿ ಮಣ್ಣಾಗ ಬಿದ್ರ ಏನೂ ಆಗಂಗಿಲ್ಲ ಅಂತೀಯ?” ದೊಡ್ಡಪ್ಪ ಕೇಳಿದರು.

ಎಕರೆಗೆ 20 ಕೆ.ಜಿ. ನಿಯೋಡೈಮಿಯಮ್ ಇರುವಲ್ಲಿ ಬೇಳೆಯಷ್ಟು ಬಿಲ್ಲೆಯದು ಯಾವ ಲೆಕ್ಕ, ನಿಜ. ಅದರ ಸುತ್ತಲಿನ ಪ್ಲಾಸ್ಟಿಕ್ಕು, ಬೆಸುಗೆಯ ಸೀಸ ಅದಕ್ಕಿಂತ ಕೆಟ್ಟವು ಅಂದೆ. ಆದರೆ ಮೇಲಿನ ನಿಕ್ಕಲ್ ಲೇಪ ಒಡೆದರೆ ಬಿಲ್ಲೆ ತುಕ್ಕು ಹಿಡಿದು ಪುಡಿಯಾಗುತ್ತದೆ, ಆಮೇಲೆ ಅದನ್ನು ಯಾರೂ ವಾಪಸು ಪಡೆಯಲಾಗದು. ಎಲ್ಲೋ ಒಂದು ಗುಡ್ಡ ಕರಗಿಸಿ ತೆಗೆದದ್ದು ನಮ್ಮ ತಿಪ್ಪೆಯಲ್ಲಿ ಮತ್ತೆ ಚೆಲ್ಲಾಪಿಲ್ಲಿಯಾದಂತೆ. ಹಳೆಯ ಇಯರ್‌ಫೋನು, ಮೊಬೈಲು, ಸ್ಪೀಕರುಗಳನ್ನು ತಿಪ್ಪೆಗೆ ಹಾಕಬೇಡಿ. ಒಂದು ಡಬ್ಬಿಯಲ್ಲಿ ಕೂಡಿಟ್ಟು ಇ–ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಅಂಥದ್ದೊಂದು ಹಳೆಯ ಬಿಸ್ಕತ್ತಿನ ಡಬ್ಬಿ ಈಗ ಅರ್ಧ ತುಂಬಿದೆ. ಆ ಬಿಲ್ಲೆ ಮಾತ್ರ ಅದರಲ್ಲಿಲ್ಲ, ಬೀರುವಿನ ಬಾಗಿಲಿಗೆ ಮಣ್ಣಿನ ಚೀಟಿಯನ್ನು ಹಿಡಿದು ಕೂತಿದೆ.